ವಾರಿಜಾ ಟೀಚರ್ ಕೆಡವಿದ ಮಾಡು

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮಟ್ಟು ಎಂಬ ಊರಿನ ಆಚೆ, ಹೊಳೆಗೂ ಕಡಲಿಗೂ ನಡುವಿನ ಮರಳುಪಟ್ಟಿಯಲ್ಲಿ ಒಂದು ಪುಟ್ಟ ಅನುದಾನಿತ ಶಾಲೆ ಇತ್ತು. ವಾರಿಜಾ ಅಲ್ಲಿಯ ಹೆಡ್ ಟೀಚರ್. ಹೊರಗೆ ಸಿಟ್ಟು, ಒಳಗೆ ಬೆಣ್ಣೆ ಎಂದು ಊರಿನವರು ಹೇಳುತ್ತಿದ್ದದ್ದು ಶುದ್ಧ ಸುಳ್ಳು, ಒಳಗೂ ಸಿಟ್ಟೇ. ಮಕ್ಕಳು ಶಾಲೆ ಬಿಟ್ಟರೆ ಮಾತ್ರ ಆ ಸಿಟ್ಟಿಗೆ ಅಳು ಬರುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಎದ್ದ ಬಿರುಗಾಳಿ ಶಾಲೆಯ ಮಾಡಿನ ಹಂಚನ್ನೆಲ್ಲ ಹಾರಿಸಿತು. ಹಾನಿಯಾದ ಶಾಲೆಗಳಿಗೆ ಸರಕಾರದ ಪರಿಹಾರ ಉಂಟು, ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ ಎಂದು ಸುದ್ದಿ ಬಂತು. ಮುಂದಿನ ಮಳೆಗಾಲದ ಒಳಗೆ ಹೊಸ ಹಂಚು ಹೊದಿಸದಿದ್ದರೆ ಶಾಲೆಗೆ ಬೀಗ. ಮತ್ತೆ ಮಕ್ಕಳು ದೋಣಿ ಹತ್ತಿ ಹೊಳೆಯಾಚೆಯ ಶಾಲೆಗೆ ಹೋಗಬೇಕು. ತುಂಬಿದ ಹೊಳೆಯಲ್ಲಿ ಹೆಣ್ಣುಮಕ್ಕಳನ್ನು ಯಾವ ತಾಯಿ ಕಳಿಸುತ್ತಾಳೆ?

ಆದರೆ ನಮ್ಮವರ ಬುದ್ಧಿ ನೋಡಿ! ಮನೆಗೆ ದೊಡ್ಡ ಜನ ಬರುವಾಗ ಮುರುಕು ತೋರಿಸುವುದುಂಟೇ? ಛೆ! ಗುಳ್ಳ ಬದನೆ ಬೆಳೆಯುವ ಶೇಖರ, ಅವನ ಹೆಂಡತಿ ಚಂಪಾ, ಕೇರಿಯವರೆಲ್ಲ ಸೇರಿ ಹೆಣೆದ ತೆಂಗಿನ ಗರಿಯ ಮಡಲು ತಂದು ಮಾಡು ಮುಚ್ಚಿದರು. ಬಿರುಕಿಗೆ ಸುಣ್ಣ ಬಳಿದರು, ನೆಲಕ್ಕೆ ಸೆಗಣಿ ಸಾರಿಸಿದರು. ಬುದ್ಧಿ ಹೇಳಬೇಕಾದ ವಾರಿಜಾ ಟೀಚರೇ ಬಾಗಿಲಿಗೆ ರಂಗೋಲಿ ಇಟ್ಟರು.

ಇನ್‌ಸ್ಪೆಕ್ಟರು ಬಂದರು. ಬೆಲ್ಲ ಕಡಿದು ನೀರು ಕುಡಿದು ಸುತ್ತ ನೋಡಿದರು.

"ಚಂದ ಉಂಟಲ್ಲ ಟೀಚರ್! ಹಾನಿ ಎಲ್ಲಿ?"

"ಹಂಚು ಪೂರಾ ಹೋಗಿದೆ ಸರ್. ಇದು ಬರೀ ಮಡಲು."

"ಕಂಡದ್ದನ್ನು ಬರೆಯಬೇಕು, ಅಲ್ವಾ? ಮಕ್ಕಳು ಬಯಲಲ್ಲಿ ಕೂತ ಶಾಲೆಗಳು ಬೇಕಾದಷ್ಟು ಉಂಟು. ಮೊದಲು ಅವರಿಗೆ."

ಆ ಮಾತೂ ನ್ಯಾಯವೇ. ಆದರೆ ಕೈಲಾದಷ್ಟು ಮಾಡಿಕೊಂಡದ್ದೇ ತಪ್ಪಾಯಿತೇ? ಅಷ್ಟರಲ್ಲಿ ಚಂಪಾಳ ಮಗಳು ಎದ್ದು ನಿಂತು ಹೆಮ್ಮೆಯಿಂದ ಹೇಳಿದಳು: "ನಡುವಿನ ಮಡಲು ನಮ್ಮ ಮನೆಯ ಮಾಡಿನದ್ದು ಸರ್!"

ವಾರಿಜಾ ಅಂಗಳಕ್ಕೆ ಬಂದು ನೋಡಿದರು. ಬೇಲಿಯಾಚೆ ಚಂಪಾಳ ಮನೆಯ ಮೇಲೆ ಬರೀ ಬಿದಿರಿನ ಗಳ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈಯಲು ಹೋದವರು ಬೈಯದೆ ಹಿಂದೆ ತಿರುಗಿದರು. ಗೋಡೆಗೆ ಒರಗಿಸಿದ್ದ, ಕಾಯಿ ಕೀಳುವ ದೋಟಿ ಎತ್ತಿಕೊಂಡರು. ಮಕ್ಕಳನ್ನೂ ಇನ್‌ಸ್ಪೆಕ್ಟರನ್ನೂ ಹೊರಗೆ ಕರೆದು ಮಾಡಿಗೆ ಕೊಕ್ಕೆ ಹಾಕಿ ಎಳೆದರು. ಮಡಲು ಒಂದೊಂದಾಗಿ ಕೆಳಗೆ ಬಿತ್ತು.

"ಅಯ್ಯೋ, ಎಂತ ಮಾಡ್ತೀರಿ ಟೀಚರ್!" ಶೇಖರ ಓಡಿ ಬಂದ.

"ಗಾಳಿ ಮಾಡಿದ್ದನ್ನು ಸರ್ ನೋಡಲಿ ಮಾರಾಯ. ನೀವು ಮಾಡಿದ್ದನ್ನಲ್ಲ."

ರಂಗೋಲಿಯ ಮೇಲೆ ಬಿಸಿಲು ಬಿತ್ತು. ಇನ್‌ಸ್ಪೆಕ್ಟರು ತಲೆಯೆತ್ತಿ ಆಕಾಶ ನೋಡಿದರು, ಬೇಲಿಯಾಚೆಯ ಮನೆಯನ್ನೂ ನೋಡಿದರು. ಪೆನ್ನು ತೆಗೆದು, ಮಾಡು ಪೂರ್ತಿ ಹೋಗಿದೆ ಎಂದು ಬರೆದುಕೊಂಡು ಹೊರಟರು. ಹಂಚು ಬರುವುದು ಖಾತ್ರಿಯಾಯಿತು. ಆದರೂ ಅಂಗಳದಲ್ಲಿ ಯಾರೂ ನಗಲಿಲ್ಲ.

"ಈ ಮಡಲು ಮನೆಗೆ ಒಯ್ಯಿ ಚಂಪಾ."

ಚಂಪಾ ಅಲ್ಲಾಡಲಿಲ್ಲ. "ನಾವು ಇಲ್ಲದವರು ಅಂತ ನಮಗೆ ಗೊತ್ತುಂಟು ಟೀಚರ್. ಶಾಲೆಗೆ ಕೊಡುವಷ್ಟಾದರೂ ಉಂಟು ಅಂತ ಇವತ್ತು ಒಂದು ದಿನ ಖುಷಿಯಲ್ಲಿದ್ದೆವು."

ಎಲ್ಲಕ್ಕೂ ಬಾಯಿ ಮುಂದೆ ಮಾಡುವ ವಾರಿಜಾ ಕಣ್ಣೊರೆಸಿಕೊಂಡರು. ಸೀರೆಯ ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟು, ಮಡಲಿನ ಕಟ್ಟು ಹೊತ್ತು, ಊರವರೆಲ್ಲ ನೋಡುತ್ತಿದ್ದಂತೆ ಚಂಪಾಳ ಮನೆಯ ಕಡೆ ನಡೆದರು.