ಚಿಕ್ಕಪ್ಪ ಬೆರಳಲ್ಲಿ ಎಳೆದ ಗೆರೆ

ಸಂಡೂರಿನ ಅದಿರಿನ ಲಾರಿಗಳು ನಮ್ಮ ಹೊಸಪೇಟೆಗೆಲ್ಲ ಕೆಂಪು ಬಳಿಯುತ್ತಿದ್ದ ವರ್ಷಗಳವು. ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ನನ್ನ ಚಿಕ್ಕಪ್ಪ ಲಾರಿ ಮಾಲೀಕನಾದ, ಮುಟ್ಟಿದರೆ ಕೆಲಸ ಮಾಡುವ ಮೊಬೈಲ್ ಕೈಗೆ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಮ್ಮವನು ಹಾಡಹಗಲೇ ಹೆಂಡತಿಯ ಫೋಟೋ ತೆಗೆದು, ಅದರ ಮೇಲೆ ಬೆರಳಾಡಿಸಿ ಮೀಸೆ ಬರೆದು, ಬಂದವರಿಗೆಲ್ಲ ತೋರಿಸುತ್ತಿದ್ದ. ಆಕೆಯ ಮುಖ ನೋಡುವ ವ್ಯವಧಾನ ಅವನಿಗೆಲ್ಲಿತ್ತು.

ಅದೇ ಬೇಸಿಗೆಯಲ್ಲಿ ಹಿತ್ತಿಲು ಪಾಲಾಗಬೇಕೆಂದ. ಅಪ್ಪ ತೀರಿಕೊಂಡಿದ್ದರು. ಹಿರಿಯ ಮಗನಾದ ಅವರ ಪರವಾಗಿ ಅಮ್ಮನೇ ಕೂರಬೇಕಿತ್ತು. ನಮ್ಮಲ್ಲಿ ಹಿರಿಯರು ಪಾಲಿನ ಗೆರೆ ಎಳೆಯಬೇಕು, ಕಿರಿಯರು ತಮಗೆ ಬೇಕಾದ ಕಡೆ ಮೊದಲು ಆರಿಸಬೇಕು. ಎಳೆದವರಿಗೆ ಉಳಿದದ್ದೇ ಗತಿ. ಅಮ್ಮನಿಗೆ ಬೇಕಾಗಿದ್ದುದು ಬಾವಿಯೊಂದೇ, ನಮ್ಮ ನಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಹೇಗೆ ಎಳೆದರೂ ಮೈದುನ ಬಾವಿಯ ಕಡೆಗೇ ಕೈ ತೋರಿಸುತ್ತಾನೆಂದು ಆಕೆ ಸೊರಗಿಹೋಗಿದ್ದಳು.

ಪಂಚರಿಬ್ಬರು ಬಂದು ಕುಳಿತರು. ಅಮ್ಮ ಸುಣ್ಣದ ಪುಡಿಯ ಬುಟ್ಟಿ ಹಿಡಿದು ಎದ್ದಳು.

"ಅತ್ಗಿ, ಆ ಬುಟ್ಟಿ ಕೆಳಗಿಡ್ರಿ. ಈಗ ಹಂಗೆಲ್ಲ ಯಾರೂ ಮಾಡಂಗಿಲ್ಲ" ಎಂದ ಚಿಕ್ಕಪ್ಪ. ಮಾಳಿಗೆ ಹತ್ತಿ ಹಿತ್ತಿಲಿನ ಫೋಟೋ ಹೊಡೆದು ತಂದ. ಉಂಗುರಗಳಲ್ಲಿ ಮುಳುಗಿದ ಬೆರಳನ್ನು ಪರದೆಯ ಮೇಲೆ ಎಳೆದ. ಗೆರೆ ಸೊಟ್ಟಗಾಯಿತು. ಅಳಿಸಿದ, ಮತ್ತೆ ಎಳೆದ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಎಳೆದಾಗ ಗೆರೆ ಇನ್ನೂ ದಪ್ಪಗಾಯಿತು. ಕೊನೆಗೆ ಒಂದು ಗೆರೆ, ಸೊಟ್ಟಗಿದ್ದರೂ, ಮನಸ್ಸಿಗೆ ಹಿಡಿಸಿತು. ಬಾವಿ, ಬಚ್ಚಲು, ಬೀದಿಯ ಬಾಗಿಲು ಎಲ್ಲ ಒಂದೇ ಕಡೆ, ಇನ್ನೊಂದು ಕಡೆ ಕಲ್ಲು ಮತ್ತು ಜಾಲಿ. ಪಂಚರು ಕನ್ನಡಕ ಏರಿಸಿ ನೋಡಿ ತಲೆದೂಗಿದರು. ಮುದುಕರಿಗೆ ಪರದೆಯ ಬೆಳಕೇ ನ್ಯಾಯದಂತೆ ಕಂಡಿರಬೇಕು.

"ಮಸ್ತ್ ಬಂದೈತಲ್ರಿ" ಎಂದು ಬೀಗಿದ.

"ಭಾಳ ಚಂದ ಬಂದೈತಿ. ಇದ ಗೆರಿ ಖಾಯಮ್ಮೇನು?" ಅಮ್ಮ ಕೇಳಿದಳು.

"ಖಾಯಮ್ ಅತ್ಗಿ. ನನ್ನ ಕೈಯಾಗಿನ ಗೆರಿ."

"ಹಂಗಾದ್ರ ಎಳದಾವ ನೀನು. ಆರಿಸಾಕಿ ನಾನು. ಬಾವಿ ಕಡೆದು ನನಗ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವರು ಕನ್ನಡಕ ಇಳಿಸಿದರು. "ಹೌದಲ್ಲೋ ತಮ್ಮಾ. ಎಳದಾವ ಆರಿಸಂಗಿಲ್ಲ."

"ಬ್ಯಾಡ ಬ್ಯಾಡ, ಅಳಿಸಿ ಇನ್ನೊಂದು ಎಳಿತೀನಿ" ಎಂದು ಚಿಕ್ಕಪ್ಪ ಬೆರಳಿಂದ ಪರದೆ ತಿಕ್ಕತೊಡಗಿದ. ಗೆರೆ ಹೋಯಿತು. ನೋಡಿದವರ ಕಣ್ಣಿಂದ ಹೋಗಲಿಲ್ಲ.

ಅಮ್ಮ ಬುಟ್ಟಿ ಎತ್ತಿಕೊಂಡು, ಅವನು ಎಳೆದಿದ್ದಲ್ಲೇ, ಅವನ ಸೊಟ್ಟನ್ನೂ ಬಿಡದೆ ನೆಲದ ಮೇಲೆ ಸುಣ್ಣ ಸುರಿದಳು. ಅದರ ಮೇಲೆ ಎದ್ದ ಗೋಡೆ ಇವತ್ತಿಗೂ ಹಾಗೇ ಸೊಟ್ಟಗಿದೆ. ಅದಿರು ನಿಂತು ಲಾರಿಗಳು ಹೋದ ಮೇಲೆ ಚಿಕ್ಕಪ್ಪ ಕೊಡ ಹಿಡಿದುಕೊಂಡು ಅದೇ ಗೋಡೆ ಸುತ್ತಿ ಬಂದ. ಅಮ್ಮ ಹಗ್ಗ ಕೊಟ್ಟಳು. "ಸೇದ್ಕೋ. ಇದನ್ನ ಮುಟ್ಟಿದ್ರ ಸಾಲಂಗಿಲ್ಲ, ಜಗ್ಗಬೇಕು" ಎಂದಳು.