ಹದಿನೈದು ದಿನದ ಹಿಟ್ಟು

ಮರಾಠಿ ಸೀಮೆಯ ಧನಕವಡಿಯಲ್ಲಿ ನಾನು ರೊಟ್ಟಿ ಅಂಗಡಿ ತೆರೆದ ದಿನ ಬಾಗಿಲಿನ ಹಲಗೆಯ ಮೇಲೆ ಜೋಳ ಬೆಳೆದ ಪಕ್ಕದ ಊರಿನ ಹೆಸರನ್ನು ಸೀಮೆಸುಣ್ಣದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಆದರೆ ರೊಟ್ಟಿಗಳು ಬಡಿಯುವಾಗಲೇ ಬಿರುಕು ಬಿಟ್ಟವು, ಹಂಚಿನ ಮೇಲೆ ಚೂರಾದವು. ಜೋಳದ ಹಿಟ್ಟು ಹಳತಾದರೆ ಜಿಗುಟು ಹೋಗುತ್ತದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಮೊದಲ ದಿನವೇ ಹಿಟ್ಟು ಸಾಲದೆ ಹೋದರೆ ಎಂಬ ಭಯಕ್ಕೆ ಹದಿನೈದು ದಿನ ಮೊದಲೇ ಇಡೀ ಚೀಲ ಬೀಸಿಸಿಟ್ಟಿದ್ದೆ, ಹುಚ್ಚಿ!

ಎದುರಿಗೆ ಐದಾರು ಗಿರಾಕಿಗಳು ಕಾಯುತ್ತಿದ್ದರು.

"ಯಾಕ್ರಿ ಅಕ್ಕಾರ, ರೊಟ್ಟಿ ಹಿಂಗ್ಯಾಕ ಮುರೀತಾವ?" ಎಂದು ನಮ್ಮ ಕಡೆಯ ಗಿರಾಕಿಯೊಬ್ಬರು ಕೇಳಿದರು.

"ಜೋಳಾನ ಸರಿ ಇಲ್ರಿ," ಎಂದುಬಿಟ್ಟೆ.

ಆ ಜೋಳ ಬೆಳೆದ ರೈತ ಹೊಸ ಚೀಲ ಹೊತ್ತು ಅವರ ಹಿಂದೆಯೇ ನಿಂತಿದ್ದ. ಈ ಮರಾಠಿ ಮನುಷ್ಯನಿಗೆ ಕನ್ನಡ ಬಾರದಿರಲಿ ಎಂದು ಬೇಡಿಕೊಂಡೆ. ಅವನು ಚೀಲ ಇಳಿಸಿ, ಪರಾತದಿಂದ ಚಿಟಿಕೆ ಹಿಟ್ಟು ತೆಗೆದು ನಾಲಿಗೆಗಿಟ್ಟು ನೋಡಿದ. ಹೋಗುವಾಗ ಹಲಗೆಯ ಮೇಲಿದ್ದ ತನ್ನ ಊರಿನ ಹೆಸರನ್ನು ಅಂಗೈಯಿಂದ ಒರೆಸಿ ಹೋದ.

ಚೀಲ ಅಲ್ಲೇ ಬಿಟ್ಟಿದ್ದ. ಅದರ ಬಾಯಿ ಬಿಚ್ಚಲು ನನಗೆ ಎರಡು ದಿನ ಧೈರ್ಯ ಬರಲಿಲ್ಲ.