ಅಪ್ಪನ ಹೆಸರಿನ ಮೇಲಿನ ಗೆರೆ

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಣ್ಣ ಹಿರೇಗುತ್ತಿಯಿಂದ ಭಟ್ಕಳದ ನಮ್ಮ ಮನೆಗೆ ಬಂದ. ನನ್ನ ಮದುವೆಯಾದ ಮೇಲೆ ನಾವು ಕರೆಯದೆ ಅವನು ಬಂದಿದ್ದು ಅದೇ ಮೊದಲು. ಕೈಯಲ್ಲಿ ಕುಮಟೆ ಈರುಳ್ಳಿಯ ದೊಡ್ಡ ಗೊಂಚಲು ಬೇರೆ. ಅದನ್ನು ನೋಡಿದಾಗಲೇ ನನಗೆ ಅನುಮಾನ ಶುರುವಾಯಿತು.

"ತಂಗೀ, ನಿನ್ನ ಆಧಾರ್ ಝೆರಾಕ್ಸ್ ಬೇಕಾಗಿತ್ತು. ವಂಶಾವಳಿ ಮಾಡ್ಸೂಕೆ" ಅಂದ.

ಅಪ್ಪ ಕುಮಟೆಯಲ್ಲಿ ಹೊಲಿಗೆ ಯಂತ್ರ ತುಳಿದೇ ಹಿರೇಗುತ್ತಿಯ ಮನೆ ಕಟ್ಟಿದ್ದು. ಈಗ ಅಲ್ಲಿ ಅಣ್ಣನ ಸಂಸಾರ, ಜೊತೆಗೆ ಅಪ್ಪನ ತಾಯಿ, ನಮ್ಮ ಅಜ್ಜಿ. ಮನೆ ಯಾರಿಗೆಂದು ಅಪ್ಪ ಬರೆದಿಡಲಿಲ್ಲ. ಅಂಥ ಕಾಗದಕ್ಕೆ ನಮ್ಮಲ್ಲಿ ಮೃತ್ಯುಪತ್ರ ಅನ್ನುತ್ತಾರೆ. ಒಮ್ಮೆ ನಾನು ಆ ಮಾತೆತ್ತಿದ್ದಕ್ಕೆ, "ನಾ ಎಂತ ಸಾಯೂಕೆ ಹೊರಟಿದ್ನಾ?" ಎಂದು ಸಿಡುಕಿದ್ದರು.

ಹೆಣ್ಣುಮಕ್ಕಳನ್ನು ಬಿಟ್ಟು ವಂಶಾವಳಿ ಮಾಡಿಸಿದವರ ಕಥೆಗಳನ್ನು ನಾನು ಸಾಕಷ್ಟು ಕೇಳಿದ್ದೆ. "ಕಾಗದ ತೋರ್ಸು ಮೊದ್ಲು" ಅಂದೆ. ಅಣ್ಣನ ಮುಖ ಸಣ್ಣದಾಯಿತು. ಜೇಬಿನಿಂದ ಹಾಳೆ ತೆಗೆದ. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಮೃತಳೆಂದು ಅಮ್ಮನ ಹೆಸರು, ಕೆಳಗೆ ಎರಡು ಗೆರೆ. ಒಂದರ ತುದಿಗೆ ಅವನು, ಇನ್ನೊಂದರ ತುದಿಗೆ ನಾನು. ನನ್ನ ಹೆಸರು ಇದ್ದರೂ ನನಗೆ ಸಮಾಧಾನವಾಗಲಿಲ್ಲ. ಮೋಸ ಬೇರೆಲ್ಲೋ ಇರಬೇಕು ಎನಿಸಿತು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮರುದಿನವೇ ಹೊನ್ನಾವರದ ವಕೀಲರೊಬ್ಬರ ಬಳಿ ಹೋದೆ.

ಅವರು ಫೋಟೋ ನೋಡಿ, "ತೀರಿಕೊಂಡವರ ತಾಯಿ ಇದ್ದಾರಾ?" ಎಂದು ಕೇಳಿದರು.

"ಅಮ್ಮ ಹೋಗಿ ಮೂರು ವರ್ಷ ಆತು."

"ನಿಮ್ಮ ತಾಯಿ ಅಲ್ಲ. ನಿಮ್ಮ ಅಪ್ಪನ ತಾಯಿ."

ಅಂದರೆ ನಮ್ಮ ಅಜ್ಜಿ. ಏನೂ ಬರೆದಿಡದೆ ಹೋದರೆ ಮಕ್ಕಳಷ್ಟೇ ಪಾಲು ತಾಯಿಗೂ ಇದೆಯಂತೆ. ವಂಶಾವಳಿ ಎಂದರೆ ಕೆಳಗೆ ಇಳಿಯುವುದು ಎಂದೇ ಅಣ್ಣ ತಿಳಿದಿದ್ದ, ನಾನೂ ತಿಳಿದಿದ್ದೆ. ಅಪ್ಪನ ಹೆಸರಿನ ಮೇಲೂ ಒಂದು ಗೆರೆ ಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಆ ನಾಚಿಕೆ ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಉಳಿಯಲಿಲ್ಲ. ಅಜ್ಜಿ ಉಣ್ಣುವುದು ಅಣ್ಣನ ಮನೆಯಲ್ಲಿ. ತನ್ನ ಪಾಲನ್ನು ಅವನಿಗೇ ಬರೆದುಕೊಟ್ಟರೆ? ಪಕ್ಕದ ಟೈಪಿಂಗ್ ಅಂಗಡಿಗೆ ನುಗ್ಗಿ, ಅಜ್ಜಿಯ ಪಾಲು ಮೊಮ್ಮಕ್ಕಳಿಬ್ಬರಿಗೂ ಸಮನಾಗಿ ಸೇರಬೇಕೆಂದು ಒಂದು ಹಾಳೆ ಮಾಡಿಸಿದೆ. ಸಮನಾಗಿ ಎಂದಿದ್ದರಿಂದ ನಾನು ದೊಡ್ಡ ನ್ಯಾಯವಂತೆ ಅನ್ನಿಸಿತು. ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿಯನ್ನೂ ಕೊಂಡು ಹಿರೇಗುತ್ತಿಗೆ ಹೋದೆ.

ಅಣ್ಣ ಮನೆಯಲ್ಲಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಒಣಮೀನು ಹಸನು ಮಾಡುತ್ತಿದ್ದಳು. "ಅಪ್ಪನ ಮನೇಲಿ ನಿಂಗೂ ಪಾಲದೆ ಅಜ್ಜಿ" ಅಂದೆ.

ಅಜ್ಜಿಯ ಕೈ ನಿಂತಿತು. "ಮಗ ಸತ್ತಿದ್ದಕ್ಕೆ ನಂಗೆ ಪಾಲಾ?" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ಹೊತ್ತು ಕಾಯುವ ವ್ಯವಧಾನವೂ ನನಗಿರಲಿಲ್ಲ. ಹಾಳೆ ಹರಡಿ, ಡಬ್ಬಿ ಬಿಚ್ಚಿ ಅವಳ ಹೆಬ್ಬೆರಳು ಹಿಡಿದೆ.

ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. "ಎಂತ ಬರ್ದದೆ ಅದ್ರಲ್ಲಿ?"

"ನಾನೇ ಓದಿ ಹೇಳ್ತೆ."

ನಾನು ಬಂದಾಗಲೆಲ್ಲ ಬ್ಯಾಂಕಿನ ಕಾಗದ, ಔಷಧಿ ಚೀಟಿ, ಎಲ್ಲವನ್ನೂ ನನ್ನಿಂದಲೇ ಓದಿಸುತ್ತಿದ್ದವಳು ಅವಳು. ಈಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನೀ ಬೇಡ" ಅಂದಳು. "ಅವನೂ ಬೇಡ. ಎದುರುಮನೆ ಮಾಸ್ತರನ್ನ ಕರಿ."

ಡಬ್ಬಿ ಮುಚ್ಚಿ, ಮಾಸ್ತರರನ್ನು ಕರೆಯಲು ನಾನೇ ಎದ್ದು ಹೋದೆ.